ಭೀಮರಾಯನ ಬೆನ್ನಿಗಿದ್ದ ಖಾಲಿ ಜಾಗ

ರಾಮಸಮುದ್ರ
ಭಾನುವಾರ ರಾತ್ರಿ

ಪ್ರೀತಿಯ ತಂಗೀ,

ಮೊನ್ನೆ ರಾತ್ರಿ ಹನ್ನೊಂದೂವರೆಗೆ ನೀನು ಹಾಕಿದ ಮೆಸೇಜು ಬೆಳಿಗ್ಗೆ ನೋಡಿದೆ. ಅಕ್ಷರ ಎರಡು ಸಾಲು, ಅಳುವ ಮುಖ ಆರು. ‘ಅಕ್ಕಾ, ಡೇಟಾಬೇಸೇ ಬದಲಿ ಮಾಡ್ಬೇಕಂತ. ನನ್ನ ಕೈಲೆ ಆಗಂಗಿಲ್ಲ.’ ಕೆಟ್ಟ ಬುದ್ಧಿ ನನ್ನದು, ಅದನ್ನು ನಿನ್ನ ಅವ್ವನಿಗೆ ಓದಿ ಹೇಳಿಬಿಟ್ಟೆ. ಕಾಕಿ ಕಲಸುತ್ತಿದ್ದ ಹಿಟ್ಟು ಬಿಟ್ಟು ಎದ್ದು ಬಂದು, ‘ನೌಕರಿ ಹೋತೇನಬೇ ಆಕಿದು?’ ಅಂದರು. ಇಲ್ಲ ಕಾಕಿ, ನೌಕರಿ ಹೆಚ್ಚಾಗಿದೆ ಅಂತ ತಿಳಿಸಿ ಹೇಳುವುದರೊಳಗೆ ಹಂಚಿನ ಮೇಲಿದ್ದ ರೊಟ್ಟಿ ಕರಿದಾಯಿತು. ಆ ರೊಟ್ಟಿ ನಾನೇ ತಿಂದೆ. ಲೆಕ್ಕ ನಿನ್ನ ಹೆಸರಿಗೆ ಬರೆದಿಟ್ಟಿದ್ದೇನೆ.

ಇಲ್ಲಿ ಎಲ್ಲ ಆರಾಮ. ಹತ್ತಿ ಬಿಡಿಸುವುದು ಶುರುವಾಗಿದೆ, ಕೂಲಿಯವರು ಸಿಗದೆ ಎಲ್ಲರ ಮುಖವೂ ಗಂಟು. ತೊಗರಿ ಹೂ ಬಿಟ್ಟಿದೆ, ಮೋಡ ಕವಿದರೆ ಹೂ ಉದುರುತ್ತದೆಂದು ನಿನ್ನ ಅಪ್ಪ ದಿನಕ್ಕೆ ಹತ್ತು ಸಲ ಆಕಾಶ ನೋಡುತ್ತಾರೆ. ನಾನು ಹೈದರಾಬಾದಿನ ಕೆಲಸವನ್ನು ಇಲ್ಲೇ ಅಟ್ಟದ ಕೋಣೆಯಲ್ಲಿ ಕೂತು ಮಾಡುತ್ತೇನೆ. ಕರೆಂಟು ಇದ್ದರೆ ನಾನು ಇಂಜಿನಿಯರು, ಹೋದರೆ ಕಾಕಿಯ ಕೈಕೆಳಗೆ ಪುಂಡಿ ಸೊಪ್ಪು ಬಿಡಿಸುವ ಆಳು.

ಈಗ ನಿನ್ನ ವಿಷಯಕ್ಕೆ ಬರುತ್ತೇನೆ. ನಿಮ್ಮ ತಂತ್ರಾಂಶದಲ್ಲಿ ರೈತರ ಹೆಸರುಗಳಿವೆ, ಹೊಲದ ಲೆಕ್ಕ ಇದೆ, ಯಾರಿಂದ ಎಷ್ಟು ಕ್ವಿಂಟಲ್ ತೊಗರಿ ಬಂತು ಅನ್ನುವುದಿದೆ. ಎಲ್ಲವೂ ಮೈಎಸ್‌ಕ್ಯೂಎಲ್‌ನಲ್ಲಿದೆ. ಅದನ್ನು ಪೋಸ್ಟ್‌ಗ್ರೆಸ್‌ಗೆ ಸಾಗಿಸಬೇಕು. ‘ಸೆಟ್ಟಿಂಗ್ಸ್‌ನಲ್ಲಿ ಒಂದು ಸಾಲು ಬದಲಿಸಿದರೆ ಆಯ್ತಲ್ಲ, ಉಳಿದದ್ದು ಫ್ರೇಮ್‌ವರ್ಕ್ ನೋಡಿಕೊಳ್ಳುತ್ತದೆ’ ಅಂದರಂತೆ ನಿಮ್ಮ ಮ್ಯಾನೇಜರು. ಅವರು ಸುಳ್ಳು ಹೇಳಿಲ್ಲ ತಂಗೀ. ಆ ಒಂದು ಸಾಲು ನಿಜ. ಅದನ್ನು ಬದಲಿಸಿದ ಮೇಲೆ ಬರುವ ನಿದ್ದೆಯಿಲ್ಲದ ರಾತ್ರಿಗಳ ಲೆಕ್ಕವನ್ನಷ್ಟೇ ಅವರು ಹೇಳುವುದು ಮರೆತಿದ್ದಾರೆ.

ಮೊದಲು ಇಬ್ಬರ ಪರಿಚಯ ಮಾಡಿಕೊಡುತ್ತೇನೆ, ಸ್ವಲ್ಪ ನಗು. ಮೈಎಸ್‌ಕ್ಯೂಎಲ್ 1995ರದು. ಅದನ್ನು ಕಟ್ಟಿದವರಲ್ಲಿ ಒಬ್ಬರಾದ ಮೈಕೆಲ್ ವಿಡೇನಿಯಸ್ ತಮ್ಮ ಮಗಳು ‘ಮೈ’ಯ ಹೆಸರಿಟ್ಟರು. 2008ರಲ್ಲಿ ಅದು ಸನ್ ಕಂಪನಿಗೆ ಮಾರಾಟವಾಯಿತು, 2010ರಲ್ಲಿ ಸನ್ ಸಮೇತ ಒರಾಕಲ್ ಪಾಲಾಯಿತು. ಆ ನಡುವೆ ವಿಡೇನಿಯಸ್ ಅದರದೇ ಕವಲೊಂದನ್ನು ಎತ್ತಿಕೊಂಡು ಕಿರಿಯ ಮಗಳ ಹೆಸರಿನಲ್ಲಿ ಮರಿಯಾಡಿಬಿ ಮಾಡಿದರು. ಇದನ್ನು ಕಾಕಿಗೆ ಹೇಳಿದೆ. ‘ಮಗಳ ಹೆಸರಿಟ್ಟಿದ್ದು ಮಾರಿಬಿಟ್ಟನಾ!’ ಅಂತ ಅರ್ಧ ತಾಸು ಬೈದರು. ಪೋಸ್ಟ್‌ಗ್ರೆಸ್ ಇನ್ನೂ ಹಿರಿಯದು. 1986ರಲ್ಲಿ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಮೈಕೆಲ್ ಸ್ಟೋನ್‌ಬ್ರೇಕರ್ ಶುರು ಮಾಡಿದ್ದು, ಈಗಿನ ಪೂರ್ತಿ ಹೆಸರು ಬಂದದ್ದು 1996ರಲ್ಲಿ. ಒಂದರ ಗುರುತು ಡಾಲ್ಫಿನ್, ಇನ್ನೊಂದರದು ಆನೆ. ಹೆಸರಿನಲ್ಲೇ ಸಮುದ್ರ ಇಟ್ಟುಕೊಂಡ ಊರಿನವಳು ನೀನು, ಡಾಲ್ಫಿನ್ ಬಿಟ್ಟು ಆನೆ ಹತ್ತಲು ಹೆದರುತ್ತೀಯಲ್ಲ!

ಇನ್ನು ನಗು ಸಾಕು. ನಿನ್ನ ಹೆದರಿಕೆ ನನಗೆ ಗೊತ್ತಿದೆ. ಅದು ಹೊಸದನ್ನು ಕಲಿಯುವ ಹೆದರಿಕೆ ಅಲ್ಲ, ನೀನು ಬೇಗ ಕಲಿಯುತ್ತೀ. ಯಾರೋ ನಂಬಿ ಕೊಟ್ಟ ಲೆಕ್ಕ ನನ್ನ ಕೈಯಲ್ಲಿ ಕೆಟ್ಟರೆ ಅನ್ನುವ ಹೆದರಿಕೆ ಅದು. ಅಂಥ ಹೆದರಿಕೆ ನಮ್ಮ ಮನೆಯಲ್ಲಿ ಹೊಸದೇನಲ್ಲ. ನಿನ್ನ ಅಪ್ಪನಿಗೂ ಒಮ್ಮೆ ಹೀಗೇ ಹೊಟ್ಟೆ ಹಿಂಡಿತ್ತು. ನೀನಾಗ ತೊಟ್ಟಿಲಲ್ಲಿದ್ದೆ, ನಿನಗೆ ಯಾರೂ ಹೇಳಿರಲಿಕ್ಕಿಲ್ಲ.

ನಿನ್ನ ಅಪ್ಪ, ನನ್ನ ಕಾಕಾ, ಗ್ರಾಮ ಲೆಕ್ಕಿಗರಾಗಿದ್ದಾಗ ಪಹಣಿ ಅಂದರೆ ಬಟ್ಟೆಯಲ್ಲಿ ಕಟ್ಟಿದ ಪುಸ್ತಕಗಳ ಗಂಟು. ಕರ್ನಾಟಕದಲ್ಲಿ ಪಹಣಿಯನ್ನು ಕಂಪ್ಯೂಟರಿಗೆ ಹಾಕುವ ಮೊದಲ ಪ್ರಯೋಗ 1991ರಲ್ಲಿ ನಮ್ಮ ಗುಲಬರ್ಗಾ ಜಿಲ್ಲೆಯಲ್ಲೇ ನಡೆಯಿತು. ನಮ್ಮ ಯಾದಗಿರಿ ಆಗ ಅದರೊಳಗೊಂದು ತಾಲ್ಲೂಕು. ಆದರೆ ಆ ಕಾಲದ ಪ್ರಯತ್ನಗಳು ನಿಲ್ಲಲಿಲ್ಲ. ಇದ್ದ ದಾಖಲೆ ಟೈಪು ಮಾಡಿದರು, ಮುಂದೆ ಹೊಲ ಮಾರಿದಾಗ, ಅಣ್ಣತಮ್ಮಂದಿರು ಪಾಲಾದಾಗ ಅದನ್ನು ಅಲ್ಲೇ ತಿದ್ದುವ ದಾರಿ ಮಾಡಲಿಲ್ಲ. ಕೈಬರಹದ ಪುಸ್ತಕ ಅದರ ಪಾಡಿಗೆ ಮುಂದೆ ಹೋಯಿತು, ಕಂಪ್ಯೂಟರಿನದು ಟೈಪಾದ ದಿನದಲ್ಲೇ ನಿಂತಿತು. ಆಮೇಲೆ ರಾಜೀವ್ ಚಾವ್ಲಾ ಅವರ ಮುಂದಾಳತ್ವದಲ್ಲಿ ಬಂದ ‘ಭೂಮಿ’ ಯೋಜನೆ ಅದೇ ತಪ್ಪನ್ನು ಮತ್ತೆ ಮಾಡಲಿಲ್ಲ. 177 ತಾಲ್ಲೂಕು, ಸುಮಾರು 67 ಲಕ್ಷ ರೈತರು, ಹತ್ತಿರ ಹತ್ತಿರ 2 ಕೋಟಿ ಪಹಣಿ. ತಾಲ್ಲೂಕಿನಲ್ಲಿ ಕಂಪ್ಯೂಟರ್ ಪಹಣಿ ಶುರುವಾದ ಮೇಲೆ ಕೈಬರಹದ ಪಹಣಿಗೆ ಬೆಲೆ ಇಲ್ಲ ಅಂತ ಕಡ್ಡಿ ಮುರಿದ ಹಾಗೆ ಹೇಳಿದರು. ಆಗ ಹದಿನೈದು ರೂಪಾಯಿ ಕೊಟ್ಟರೆ ಕಿಟಕಿಯಲ್ಲಿ ಪ್ರಿಂಟು ಸಿಗುತ್ತಿತ್ತು.

ಆ ಟೈಪು ಮಾಡುವ ಕೆಲಸಕ್ಕೆ ಖಾಸಗಿಯವರು ಹುಡುಗಿಯರನ್ನು ತೆಗೆದುಕೊಂಡರು, ಅದರಲ್ಲಿ ನಾನೂ ಒಬ್ಬಳು. ಇಪ್ಪತ್ತರ ವಯಸ್ಸು, ಬೆರಳು ಓಡುತ್ತಿತ್ತು, ತಲೆ ಓಡುತ್ತಿರಲಿಲ್ಲ. ಟೈಪಾದದ್ದನ್ನು ಪ್ರಿಂಟು ತೆಗೆದು ಲೆಕ್ಕಿಗರಿಗೆ ಕೊಡುತ್ತಿದ್ದರು, ಅವರು ಮೂಲ ಪುಸ್ತಕ ಇಟ್ಟುಕೊಂಡು ಕೆಂಪು ಶಾಯಿಯಲ್ಲಿ ತಿದ್ದಬೇಕು. ಒಂದು ದಿನ ಕಾಕಾ ನಾನು ಟೈಪು ಮಾಡಿದ ಹಾಳೆ ಹಿಡಿದು ಮನೆಗೆ ಬಂದರು. ಸಿಟ್ಟಿನಿಂದ ಮಾತೇ ಬರುತ್ತಿರಲಿಲ್ಲ. ಒಬ್ಬ ರೈತನ ಎರಡು ಎಕರೆ ಹತ್ತು ಗುಂಟೆ ಹೊಲವನ್ನು ನಾನು 2.10 ಎಂದು ಹಾಕುವ ಬದಲು 2.1 ಎಂದು ಹಾಕಿದ್ದೆ. ಶಾಲೆಯಲ್ಲಿ ಕಲಿತದ್ದೇ ಹಾಗಲ್ಲವಾ, ದಶಾಂಶದ ಕೊನೆಯ ಸೊನ್ನೆಗೆ ಬೆಲೆ ಇಲ್ಲ. ಕಾಕಾ ನನ್ನನ್ನು ಅಂಗಳಕ್ಕೆ ಕರೆದುಕೊಂಡು ಹೋಗಿ ಮೂವತ್ತಮೂರು ಅಡಿ ಉದ್ದ, ಮೂವತ್ತಮೂರು ಅಡಿ ಅಗಲ ಹೆಜ್ಜೆ ಹಾಕಿಸಿದರು. ಅಂಗಳ ಸಾಲದೆ ಬೀದಿಗೆ ಹೋದೆವು. ‘ಇದು ಒಂದು ಗುಂಟೆ. ಇಂಥಾವು ಒಂಬತ್ತು ನೀ ತಿಂದೀದಿ’ ಅಂದರು. ಅಂದಿನಿಂದ ಇಂದಿನವರೆಗೂ ಆ ಸೊನ್ನೆ ಕಂಡರೆ ನನ್ನ ಕಾಲು ನೋಯುತ್ತದೆ.

ಇದನ್ನು ಯಾಕೆ ಹೇಳಿದೆ ಗೊತ್ತಾ? ನಿಮ್ಮ ಹೊಲದ ಕಾಲಂ ಹಳೆಯದರಲ್ಲಿ ಅಕ್ಷರವಾಗಿದೆ, ಹೊಸದರಲ್ಲಿ ಸಂಖ್ಯೆ ಮಾಡೋಣ ಅಂದಿದ್ದಾರೆ ಎಂದು ಹೇಳಿದೆಯಲ್ಲ. ಮಾಡುವ ಮೊದಲು ಕೈ ತಡೆ. ಎಕರೆಗೆ ನಲವತ್ತು ಗುಂಟೆ, ನೂರಲ್ಲ. 2.35 ಮತ್ತು 1.10 ಕೂಡಿಸಿದರೆ ಕಂಪ್ಯೂಟರು 3.45 ಅನ್ನುತ್ತದೆ. ನಿನ್ನ ಅಪ್ಪ ನಾಲ್ಕು ಎಕರೆ ಐದು ಗುಂಟೆ ಅನ್ನುತ್ತಾರೆ. ಕಂಪ್ಯೂಟರಿನ ಮಾತು ಕೇಳಬೇಡ. ಎಕರೆಗೆ ಒಂದು ಕಾಲಂ, ಗುಂಟೆಗೆ ಒಂದು ಕಾಲಂ ಮಾಡು. ನಲವತ್ತು ಅಥವಾ ಅದಕ್ಕಿಂತ ಹೆಚ್ಚಿನ ಗುಂಟೆ ಬಂದರೆ ತೆಗೆದುಕೊಳ್ಳಬಾರದು ಅಂತ ಡೇಟಾಬೇಸಿಗೇ ಕಟ್ಟುಹಾಕು. ಆಣೆಯ ಲೆಕ್ಕ ಇದ್ದರೆ ಅದಕ್ಕೆ ಹದಿನಾರರ ಕಟ್ಟು. ಆನೆ ಇಂಥ ಕಟ್ಟನ್ನು ಚೆನ್ನಾಗಿ ಪಾಲಿಸುತ್ತದೆ.

ಈಗ ನನ್ನ ದೊಡ್ಡ ತಪ್ಪಿನ ಕಥೆ. ಯಾರಿಗೂ ಪೂರ್ತಿ ಹೇಳಿಲ್ಲ, ನಿನಗೆ ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ ಹೈದರಾಬಾದಿನ ಒಂದು ಕಂಪನಿಯಲ್ಲಿ ಇದೇ ಕೆಲಸ ನನ್ನ ಪಾಲಿಗೆ ಬಂತು. ಇಲ್ಲಿಂದ ಅಲ್ಲಿಗೆ, ಡಾಲ್ಫಿನ್ನಿಂದ ಆನೆಗೆ. ಶನಿವಾರ ರಾತ್ರಿ ಕೂತು ಎಲ್ಲ ಟೇಬಲ್ ಸಾಗಿಸಿದೆವು. ಅಲ್ಲಿ ಎಷ್ಟು ಸಾಲು, ಇಲ್ಲಿ ಎಷ್ಟು ಸಾಲು ಎಣಿಸಿದೆವು. ಒಂದೂ ಹೆಚ್ಚುಕಡಿಮೆ ಇಲ್ಲ. ಬೆಳಗಿನ ಜಾವ ಇರಾನಿ ಚಹಾ ಕುಡಿದು, ಒಬ್ಬರಿಗೊಬ್ಬರು ಕೈ ಕುಲುಕಿ ಮನೆಗೆ ಹೋದೆವು.

ಸೋಮವಾರ ಹತ್ತು ಗಂಟೆಗೆ ಮಾಲು ಕೊಳ್ಳುವ ಜಾಗದಿಂದ ಫೋನು. ರೈತನೊಬ್ಬ ಚೀಲ ಇಳಿಸಿಕೊಂಡು ನಿಂತಿದ್ದಾನೆ, ಕಂಪ್ಯೂಟರಿನಲ್ಲಿ ಅವನ ಹೆಸರಿಲ್ಲ. ಭೀಮರಾಯ ಅಂತ ಇಟ್ಟುಕೋ, ನಮ್ಮ ಭೀಮಾ ತೀರದಲ್ಲಿ ಓಣಿಗೆ ನಾಲ್ಕು ಜನ ಇರುವ ಹೆಸರು. ಹುಡುಗ ಮೂರು ಸಲ ಹುಡುಕಿದ. ‘ಇಲ್ಲರೀ, ನೀವು ಇಲ್ಲ’ ಅಂದ. ‘ಇಲ್ಲ ಅಂದ್ರ ಹ್ಯಾಂಗ್ರೀ, ನಾ ಇಲ್ಲೇ ನಿಂತೀನಲ್ಲ’ ಅಂದನಂತೆ ಆ ಮನುಷ್ಯ. ಆ ಮಾತನ್ನು ಫೋನಿನಲ್ಲಿ ಕೇಳಿದಾಗ ನನಗೆ ನಗು ಬರಲಿಲ್ಲ ತಂಗೀ. ಬೇಸಿಗೆಯ ಬಿಸಿಲು, ಹಿಂದೆ ಗಾಡಿಗಳ ಸಾಲು, ಬಾಡಿಗೆ ಗಾಡಿಯವನು ಅವಸರ ಮಾಡುತ್ತಿದ್ದಾನೆ, ಮತ್ತು ನಾನು ಆ ಮನುಷ್ಯನನ್ನು ಇಲ್ಲ ಅನ್ನಿಸಿಬಿಟ್ಟಿದ್ದೇನೆ.

ಮಧ್ಯಾಹ್ನದವರೆಗೆ ತಲೆ ಕೆರೆದುಕೊಂಡ ಮೇಲೆ ಸಿಕ್ಕಿತು. ಯಾವಾಗಲೋ ಯಾರೋ ಅವನ ಹೆಸರು ಟೈಪು ಮಾಡಿ, ಕೊನೆಗೆ ರೂಢಿಯಂತೆ ಒಮ್ಮೆ ಸ್ಪೇಸ್ ಒತ್ತಿದ್ದರು. ‘ಭೀಮರಾಯ’ನ ಬೆನ್ನಿಗೆ ಒಂದು ಖಾಲಿ ಜಾಗ. ಕಣ್ಣಿಗೆ ಕಾಣದು. ಹಳೆಯ ಮೈಎಸ್‌ಕ್ಯೂಎಲ್‌ನ ಹೋಲಿಕೆಯ ನಿಯಮದಲ್ಲಿ ಕೊನೆಯ ಖಾಲಿ ಜಾಗಕ್ಕೆ ಲೆಕ್ಕವಿರಲಿಲ್ಲ. ಹೆಸರು ಹಾಗಿದ್ದರೂ ಹೀಗಿದ್ದರೂ ಇವನೇ ಅವನು ಅಂತ ವರ್ಷಗಟ್ಟಲೆ ಹುಡುಕಿ ಕೊಡುತ್ತಿತ್ತು. ಆನೆಯ ಕಣ್ಣಿಗೆ ಅವರಿಬ್ಬರೂ ಬೇರೆ ಬೇರೆ. ಅಕ್ಷರಕ್ಕೆ ಅಕ್ಷರ ಕೂಡಬೇಕು, ಇಲ್ಲದಿದ್ದರೆ ಇಲ್ಲ. ಒಂದು ಸಾಲೂ ಕಳೆದಿರಲಿಲ್ಲ, ಮನುಷ್ಯ ಕಳೆದಿದ್ದ.

ಅದನ್ನು ಒರೆಸಿ ಹಾಕಿದೆವು. ಸಂಜೆಗೆ ಇನ್ನೊಬ್ಬ ಭೀಮರಾಯ ಬಂದ. ಅವನ ಹೆಸರಿನಲ್ಲಿ ಖಾಲಿ ಜಾಗವೂ ಇರಲಿಲ್ಲ, ಆದರೂ ಸಿಗಲಿಲ್ಲ. ಕನ್ನಡದ ‘ಭೀ’ಯನ್ನು ಕಂಪ್ಯೂಟರಿನೊಳಗೆ ಎರಡು ಥರ ಇಡಬಹುದು. ದೀರ್ಘವಾದ ಗುಣಿತ ಚಿಹ್ನೆಯನ್ನು ಒಂದೇ ಸಂಕೇತವಾಗಿ ಇಡಬಹುದು, ಇಲ್ಲವೇ ‘ಭಿ’ ಬರೆದು ಅದರ ಪಕ್ಕಕ್ಕೆ ದೀರ್ಘದ ಗುರುತನ್ನು ಬೇರೆಯಾಗಿ ಅಂಟಿಸಬಹುದು. ಪರದೆಯ ಮೇಲೆ ಎರಡೂ ಒಂದೇ ಭೀಮರಾಯ, ಒಳಗೆ ಬೇರೆ ಬೇರೆ. ಕೊ, ಕೋ, ಕೇ, ಕೈ ಎಲ್ಲಕ್ಕೂ ಇದೇ ರೋಗ. ಪುಣ್ಯಕ್ಕೆ ಪೋಸ್ಟ್‌ಗ್ರೆಸ್ 13ರಿಂದ ಈಚೆಗೆ ಇದನ್ನೆಲ್ಲ ಒಂದೇ ರೂಪಕ್ಕೆ ತರುವ ಸವಲತ್ತು ಅದರಲ್ಲೇ ಇದೆ. ಸಾಗಿಸುವಾಗ ಒಮ್ಮೆ, ಮುಂದೆ ಹೊಸ ಹೆಸರು ಬರೆಯುವಾಗಲೆಲ್ಲ ಒಮ್ಮೆ, ಅದರ ಕೈಯಿಂದ ದಾಟಿಸು.

ನೀನು ಹಳೆಯದನ್ನು ‘ಕಸ’ ಅಂದೆ. ಹಾಗನ್ನಬೇಡ. ಆ ಸೋಮವಾರ ನನಗೆ ತಿಳಿದದ್ದು ಇಷ್ಟೇ. ಹಳೆಯದು ವರ್ಷಗಟ್ಟಲೆ ನಮ್ಮ ತಪ್ಪುಗಳನ್ನು ಬಾಯಿಬಿಡದೆ ಹೊತ್ತುಕೊಂಡು ಬಂದಿರುತ್ತದೆ, ನಾವು ಅದನ್ನು ನಮ್ಮ ಜಾಣತನ ಅಂತ ತಿಳಿದಿರುತ್ತೇವೆ. ದಿನಾಂಕ ಗೊತ್ತಿಲ್ಲದ ಕಡೆ ಯಾರೋ ಸೊನ್ನೆ ವರ್ಷ, ಸೊನ್ನೆ ತಿಂಗಳು, ಸೊನ್ನೆ ದಿನ ಅಂತ ಹಾಕಿರುತ್ತಾರೆ, ಹಳೆಯದು ಇಟ್ಟುಕೊಂಡಿರುತ್ತದೆ. ಅಂಥ ದಿನ ಪಂಚಾಂಗದಲ್ಲೇ ಇಲ್ಲ ಅಂತ ಆನೆ ಸೊಂಡಿಲು ಎತ್ತುತ್ತದೆ. ಪಟ್ಟಿ ಯಾವ ಕ್ರಮದಲ್ಲಿ ಬರಬೇಕು ಅಂತ ಕ್ವೆರಿಯಲ್ಲಿ ಹೇಳಿರುವುದಿಲ್ಲ, ಆದರೂ ಹಳೆಯದು ಸಾಮಾನ್ಯವಾಗಿ ನಂಬರಿನ ಪ್ರಕಾರ ಸಾಲಾಗಿ ನಿಲ್ಲಿಸುತ್ತಿರುತ್ತದೆ. ಹೊಸದು, ಹೇಳಿದರೆ ಮಾತ್ರ ನಿಲ್ಲಿಸುತ್ತದೆ. ನಿನಗೆ ಬರುವ ಎರರ್‌ಗಳಲ್ಲಿ ಮುಕ್ಕಾಲು ಪಾಲು ಹೊಸದರ ಕಿರಿಕಿರಿ ಅನ್ನಿಸುತ್ತವೆ. ಒಂದು ಗುಟುಕು ನೀರು ಕುಡಿದು ಮತ್ತೆ ಓದು. ಹಳೆಯದು ಮುಚ್ಚಿಟ್ಟ ನಮ್ಮದೇ ಸಾಲ ಅದು.

ಸೊನ್ನೆ ದಿನಾಂಕಗಳನ್ನು ಸುಮ್ಮನೆ ಇವತ್ತಿನ ತಾರೀಕು ಮಾಡಿ ದಾಟಿಸಬೇಡ, ಅವಸರದಲ್ಲಿ ಎಲ್ಲರೂ ಮಾಡುವ ಪಾಪ ಅದು. ಗೊತ್ತಿಲ್ಲದ್ದನ್ನು ಖಾಲಿ ಬಿಡು. ಇನ್ನು ವಿಚಿತ್ರ ಕಂಡದ್ದನ್ನೆಲ್ಲ ತಪ್ಪು ಅಂತಲೂ ತಿದ್ದಬೇಡ. ಪಹಣಿ ಟೈಪು ಮಾಡುವ ದಿನಗಳಲ್ಲಿ ಒಂದು ಹಳೆಯ ಕಾಗದದಲ್ಲಿ ವರ್ಷ 1358 ಅಂತ ಇತ್ತು. ಒಂಬತ್ತು ಬರೆಯಲು ಹೋಗಿ ಮೂರು ಬರೆದಿದ್ದಾರೆ ಅಂದುಕೊಂಡು 1958 ಮಾಡಲು ಹೊರಟಿದ್ದೆ. ಅಜ್ಜ ಆಗ ಇನ್ನೂ ಇದ್ದರು, ನಿಜಾಮರ ಕಾಲದಲ್ಲಿ ಉರ್ದು ಶಾಲೆ ಕಲಿತವರು. ಕಾಗದ ಕಣ್ಣಿಗೆ ಹತ್ತಿರ ಹಿಡಿದು, ‘ಇದು ಫಸಲಿ ವರ್ಷ, ಐನೂರಾ ತೊಂಬತ್ತು ಕೂಡಸು’ ಅಂದರು. ಕೂಡಿಸಿದರೆ 1948. ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರಿದ ವರ್ಷ. ಜಾಗೀರು ರದ್ದು ಮಾಡಿದ ಕಾನೂನಿನ ಹೆಸರಿನಲ್ಲೂ ಇದೇ 1358 ಇದೆ. ನೋಡು, ನಾವು ಇವತ್ತು ಮಾಡುವ ಕೆಲಸವನ್ನು ನಮ್ಮ ಕಡೆಯ ಕಾಗದಗಳು ಮೊದಲೇ ಮಾಡಿ ಮುಗಿಸಿವೆ, ಉರ್ದುವಿನಿಂದ ಕನ್ನಡಕ್ಕೆ, ಫಸಲಿಯಿಂದ ಇಸವಿಗೆ, ಪುಸ್ತಕದಿಂದ ಪರದೆಗೆ. ಪ್ರತಿ ಸಲವೂ ಪಕ್ಕದಲ್ಲಿ ಒಬ್ಬ ಅಜ್ಜ ಬೇಕಾಗಿದ್ದ. ನಿಮ್ಮ ಆಫೀಸಿನಲ್ಲೂ ಒಬ್ಬರು ಇರುತ್ತಾರೆ, ಹತ್ತು ವರ್ಷದಿಂದ ಬಿಲ್ಲು ಮಾಡುವವರು. ಅವರಿಗೆ ಡೇಟಾಬೇಸ್ ಅಂದರೆ ಏನೆಂದು ಗೊತ್ತಿಲ್ಲದಿರಬಹುದು. ಅವರ ಜೊತೆ ಒಂದು ಮಧ್ಯಾಹ್ನ ಊಟಕ್ಕೆ ಕೂಡು.

ಕೊನೆಯದಾಗಿ ಒಂದು ಸಣ್ಣ ಮುಳ್ಳು. ಹೊಸದಕ್ಕೆ ಹಳೆಯ ಸಾಲುಗಳನ್ನು ಅವುಗಳ ನಂಬರಿನ ಸಮೇತ ತುಂಬುತ್ತೀಯಲ್ಲ, ಮುಂದಿನ ನಂಬರು ಯಾವುದು ಅಂತ ಅದಕ್ಕೆ ಗೊತ್ತಿರುವುದಿಲ್ಲ. ಹೊಸ ರೈತನನ್ನು ಸೇರಿಸಲು ಹೋದರೆ ಮತ್ತೆ ಒಂದರಿಂದ ಎಣಿಸಲು ಹೊರಟು, ಆ ನಂಬರು ಆಗಲೇ ಇದೆ ಅಂತ ಮುಗ್ಗರಿಸುತ್ತದೆ. ಪ್ರತಿ ಟೇಬಲ್ಲಿನ ಎಣಿಕೆಯನ್ನು ಮುಂದಕ್ಕೆ ತಳ್ಳಿ ಇಡು. ನಾವು ಮರೆತಿದ್ದೆವು. ಅದೇ ಸೋಮವಾರ, ಭೀಮರಾಯರ ಗಲಾಟೆಯ ನಡುವೆಯೇ ಇದೂ ಆಯಿತು. ಆ ದಿನ ನಾನು ಊಟ ಮಾಡಿದೆನೋ ಇಲ್ಲವೋ ನೆನಪಿಲ್ಲ.

ಕೆಲವು ದಿನ ಎರಡನ್ನೂ ಜೊತೆಗೆ ಓಡಿಸು, ಒಳ್ಳೆಯದೇ. ಆದರೆ ಬರೆಯುವುದು ಒಂದರಲ್ಲೇ ಇರಲಿ, ಇನ್ನೊಂದು ಅದರ ನಕಲಷ್ಟೇ ಆಗಿರಲಿ. ಎರಡು ಪುಸ್ತಕದಲ್ಲಿ ಎರಡು ಕೈ ಬರೆದರೆ ಏನಾಗುತ್ತದೆ ಅಂತ ನಮ್ಮ ಜಿಲ್ಲೆ ಆಗಲೇ ನೋಡಿದೆ. ಹಿಂದಕ್ಕೆ ಬರುವ ದಾರಿಯನ್ನು ಮೊದಲೇ ಒಮ್ಮೆ ನಡೆದು ನೋಡಿಕೋ. ಬ್ಯಾಕಪ್ ಇದೆ ಅನ್ನುವ ಮಾತು ನಂಬಬೇಡ. ಅದರಿಂದ ಒಮ್ಮೆ ಎಬ್ಬಿಸಿ ನೋಡಿದ ಮೇಲೆ ನಂಬು.

ಈ ಪತ್ರಕ್ಕೆ ಕೂರುವ ಮೊದಲು ಕಾಕಾನಿಗೆ ಭೀಮರಾಯನ ಕಥೆಯನ್ನಷ್ಟೇ ಹೇಳಿದೆ. ಅವರು ಏನೂ ಅನ್ನದೆ ಒಳಗೆ ಹೋಗಿ ಒಂದು ಸಣ್ಣ ಪುಸ್ತಕ ತಂದರು. ಸರ್ಕಾರದ್ದಲ್ಲ, ಅವರದೇ ಜೇಬಿನದು, ಅಂಚು ಎಣ್ಣೆ ಹಿಡಿದು ಕಪ್ಪಾಗಿದೆ. ಪುಟದ ತುಂಬ ಪೆನ್ಸಿಲಿನಲ್ಲಿ ಒಂದೊಂದು ಸಾಲು. ಇವನು ಆ ಭೀಮರಾಯ ಅಲ್ಲ, ಬಾವಿ ಹೊಲದವನು. ಇವರು ಅಣ್ಣತಮ್ಮರು, ಬಾಯಿಮಾತಿನಲ್ಲಿ ಪಾಲಾಗಿದೆ, ಪುಸ್ತಕದಲ್ಲಿ ಇಲ್ಲ. ಈ ಹೆಣ್ಣುಮಗಳು ಸಹಿ ಮಾಡುವುದಿಲ್ಲ, ಹೆಬ್ಬೆಟ್ಟು ಕೇಳು. ಯಾವ ಪಹಣಿಯಲ್ಲೂ ಇಲ್ಲದ್ದು. ‘ಕಂಪ್ಯೂಟರಿಗೆ ಹಾಕೋ ಮುಂದ ಇದನ್ನ ಯಾರೂ ಕೇಳಲಿಲ್ಲ’ ಅಂದರು. ಕೇಳದಿದ್ದವರಲ್ಲಿ ನಾನೂ ಇದ್ದೆನಲ್ಲ, ತಲೆ ತಗ್ಗಿಸಿದೆ.

ಹಾಗಾಗಿ ನಾಳೆಯೇ ಒಂದು ಎರಡು ನೂರು ಪುಟದ ನೋಟ್‌ಬುಕ್ ತಗೋ. ಹಳೆಯದು ಹೇಳದೆ ಸಹಿಸಿಕೊಂಡದ್ದು ಕಂಡಾಗಲೆಲ್ಲ ಒಂದು ಸಾಲು ಬರೆ. ಮೊದಲ ಪುಟ ತುಂಬಿದಾಗ ಫೋಟೋ ಕಳಿಸು. ರಾತ್ರಿ ಹನ್ನೊಂದೂವರೆಗೆ ಕಳಿಸಿದರೂ ಪರವಾಗಿಲ್ಲ, ಅಳುವ ಮುಖ ಮಾತ್ರ ಮೂರಕ್ಕೆ ಇಳಿಸು. ಕೆಲಸ ಮುಗಿದ ಮೇಲೆ ರಜೆ ಹಾಕಿ ಸಂಕ್ರಾಂತಿಗೆ ಬಾ, ಮೈಲಾಪುರದ ಜಾತ್ರೆಗೆ ಹೋಗೋಣ.

ನಿನ್ನ
ಅಕ್ಕ

ಮರೆತಿದ್ದೆ: ಪಕ್ಕದ ಮನೆಯವರು ನಾಳೆ ಉದ್ಯಾನ್ ಎಕ್ಸ್‌ಪ್ರೆಸ್ಸಿಗೆ ಬೆಂಗಳೂರಿಗೆ ಬರುತ್ತಾರೆ. ಅವರ ಕೈಯಲ್ಲಿ ಕಾಕಿ ನಲವತ್ತು ಕಡಕ್ ರೊಟ್ಟಿ, ಒಂದು ಡಬ್ಬಿ ಶೇಂಗಾ ಚಟ್ನಿ ಕಳಿಸಿದ್ದಾರೆ. ಮುಟ್ಟಿದ ಮೇಲೆ ಎಣಿಸು. ನಲವತ್ತು ಇವೆ ಅಂತ ಅಷ್ಟಕ್ಕೇ ಫೋನು ಮಾಡಬೇಡ, ಮುರಿದವು ಎಷ್ಟು ಅಂತಲೂ ಬಿಚ್ಚಿ ನೋಡಿ ಹೇಳು.